ಒಂದೇ ಮರ, ಒಂದೇ ನಿಮಿಷ, ನಾಲ್ಕು ಹಕ್ಕಿ! ಕೂಗು ಕೇಳಿ ಗುರುತು ಹಿಡಿಯೋದು ಹೇಗೆ?

ಬೆಳಗಿನಜಾವ:
ಎಲ್ಲರಿಗೂ ನಮಸ್ಕಾರ. ಹಕ್ಕಿ ನೋಡೋ ಹುಚ್ಚು ಹತ್ತಿ ಒಂದೂವರೆ ವರ್ಷ ಆಯ್ತು. ಕಣ್ಣಿಗೆ ಬಿದ್ದರೆ ಪುಸ್ತಕ ತಿರುವಿ ಹೇಗೋ ಹೆಸರು ಹಚ್ಚುತ್ತೇನೆ. ಬರೀ ಕೂಗು ಕೇಳಿಸಿದರೆ ಮಾತ್ರ ಪೂರ್ತಿ ಸೊನ್ನೆ.

ಈಗಿನ ತಲೆನೋವು ಇದು. ಮನೆ ಹಿಂದೆ ಒಂದು ದೊಡ್ಡ ಮರ ಇದೆ, ದಟ್ಟ ಎಲೆ. ಮೂರು ವಾರದಿಂದ ಬೆಳಿಗ್ಗೆ ಆರೂವರೆ ಆಸುಪಾಸಿಗೆ ಅದರೊಳಗಿಂದ ಗಿಡುಗದ ಕೂಗು. "ಪೀ-ವೀ, ಪೀ-ವೀ" ಅಂತ. ಮೊಬೈಲ್‌ನಲ್ಲಿ ಹಕ್ಕಿ ಗುರುತಿಸೋ ಮರ್ಲಿನ್ ಆ್ಯಪ್ ತೆರೆದೆ. ಮೊದಲು ಶಿಕ್ರಾ (ಒಂದು ಸಣ್ಣ ಗಿಡುಗ) ಅಂತು. ಹತ್ತು ಸೆಕೆಂಡ್ ಕಳೆದ ಮೇಲೆ ಕಾಜಾಣ ಅಂತು. ಆಮೇಲೆ ಪಿಕಳಾರ, ಕೊನೆಗೆ ಟುವ್ವಿ. ಎಲ್ಲ ಒಂದೇ ನಿಮಿಷದ ರೆಕಾರ್ಡಿಂಗ್‌ನಲ್ಲಿ! ಮರ ನೋಡಿದರೆ ಎಲೆ ಬಿಟ್ಟು ಏನೂ ಕಾಣಲ್ಲ. ಶಿಕ್ರಾ ಕೂತಿರೋ ಮರದಲ್ಲಿ ಪಿಕಳಾರ ಆರಾಮಾಗಿ ಹಾಡಿಕೊಂಡು ಇರುತ್ತಾ? ಕೆಟ್ಟಿರೋದು ಆ್ಯಪ್ಪೋ ನನ್ನ ಕಿವಿಯೋ?

ಇನ್ನೊಂದು ಪ್ರಶ್ನೆ. ಕೂಗು ಕಲಿಯೋಕೆ ಹೊರಟವರು ಎಲ್ಲಿಂದ ಶುರು ಮಾಡಬೇಕು?

ಸುಮ್ನೆಓದುವವ:
ಆ್ಯಪ್ ತೆಗೆದು ಹಾಕಿ. ಮುಗೀತು.

ಟುವ್ವಿ_ಟುವ್ವಿ:
ತೆಗೆದು ಹಾಕಬೇಡಿ ದಯವಿಟ್ಟು. ಮರ್ಲಿನ್ ಆ್ಯಪ್‌ನಲ್ಲಿ ಧ್ವನಿ ಗುರುತಿಸೋ ಸೌಲಭ್ಯ ಬಂದಿದ್ದು 2021ರಲ್ಲಿ. ಅದು ನಮ್ಮ ಹಾಗೆ "ಕೇಳೋದಿಲ್ಲ". ಸದ್ದನ್ನು ಮೊದಲು ಚಿತ್ರ ಮಾಡಿಕೊಳ್ಳುತ್ತೆ: ಎಡದಿಂದ ಬಲಕ್ಕೆ ಸಮಯ, ಕೆಳಗಿಂದ ಮೇಲಕ್ಕೆ ಸ್ವರದ ಎತ್ತರ. ಆ ಚಿತ್ರದ ಗೀಚು ಯಾವ ಹಕ್ಕಿಯ ಗೀಚನ್ನು ಹೋಲುತ್ತೆ ಅಂತ ನೋಡುತ್ತೆ. ಹಾಗಾಗಿ ಅದು ಶಿಕ್ರಾ ಅಂದರೆ "ಶಿಕ್ರಾ ಇದೆ" ಅಂತ ಅರ್ಥ ಅಲ್ಲ, "ಶಿಕ್ರಾ ಥರದ ಸದ್ದು ಇದೆ" ಅಂತ ಅರ್ಥ. ಈ ವ್ಯತ್ಯಾಸ ತಿಳಿಯದೆ ಆ್ಯಪ್ ಹೇಳಿದ ಹೆಸರನ್ನೆಲ್ಲ ಪಟ್ಟಿಗೆ ಸೇರಿಸೋರ ಮೇಲೆ ನನಗೂ ಸಿಟ್ಟಿದೆ. ಹಾಗಂತ ಉಪಕರಣಕ್ಕೆ ಬೈಯೋದು ಯಾಕೆ?

ಹಳೇದುರ್ಬೀನು:
ನಾನು ಮೂವತ್ತು ವರ್ಷ ಆ್ಯಪ್ ಇಲ್ಲದೆ ಕಲಿತವನು. ಹಾಗಾಗಿ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಶುರು ಮಾಡುವವರು ದಿನಕ್ಕೆ ಹತ್ತು ಕೂಗು ಕಲಿಯಲು ಹೋಗಿ ಹನ್ನೊಂದನೇ ದಿನ ಬಿಟ್ಟುಬಿಡುತ್ತಾರೆ. ಐದೇ ಹಕ್ಕಿ ತೆಗೆದುಕೊಳ್ಳಿ. ಅದೂ ಎಲ್ಲಿ ಕೇಳಿದರೂ ಒಂದೇ ಥರ ಕೂಗುವಂಥವು. ಕಂಚುಕುಟಿಗ: ಟುಕ್, ಟುಕ್, ಟುಕ್, ನಿಲ್ಲಿಸುವುದೇ ಇಲ್ಲ, ಕಂಚಿನ ಮೇಲೆ ಸುತ್ತಿಗೆ ಬಡಿದ ಹಾಗೆ. ಕುಟ್ರು: ತನ್ನ ಹೆಸರನ್ನೇ ಕೂಗುತ್ತದೆ. ಕೆಂಬೂತ: ಪೊದೆಯೊಳಗಿಂದ ಊಪ್ ಊಪ್ ಊಪ್, ಎದೆಗೆ ತಾಗುವಷ್ಟು ತಗ್ಗಿನ ಸ್ವರ. ಟಿಟ್ಟಿಭ. ಗಂಡು ಕೋಗಿಲೆ. ಇಷ್ಟು ನಿದ್ದೆಗಣ್ಣಲ್ಲೂ ಹೇಳುವಂತಾಗಲಿ. ಮಡಿವಾಳ, ಪಿಕಳಾರ, ಉಲಿಯಕ್ಕಿಗಳ ಕಡೆ ಆಮೇಲೆ ಹೋಗಿ. ಅವುಗಳ ಹಾಡು ದಿನಕ್ಕೊಂದು, ಹಕ್ಕಿಗೊಂದು.

ನಿಮ್ಮ ಮರದ ವಿಷಯ: ಪಿಕಳಾರ ಗಿಡುಗನ ಪಕ್ಕ ಕೂತು ಹಾಡುವುದಿಲ್ಲ. ನಿಮ್ಮ ಅನುಮಾನ ಸರಿ. ಕಿವಿ ಚೆನ್ನಾಗಿಯೇ ಇದೆ.

ಅಂಗಳದಗುಬ್ಬಿ:
ನನ್ನದೂ ಒಂದು ಇದೆ, ಇಲ್ಲೇ ಕೇಳಿಬಿಡ್ತೀನಿ. ಮಧ್ಯಾಹ್ನ ಹೊತ್ತು "ಚಿಪ್ ಚಿಪ್ ಚಿಪ್ ಚಿಪ್" ಅಂತ ಅರ್ಧ ಗಂಟೆ ಒಂದೇ ಸಮನೆ. ತುಂಬಾ ಜೋರು. ಯಾವ ಹಕ್ಕಿ?

ಟುವ್ವಿ_ಟುವ್ವಿ:
ಅಳಿಲು.

ಅಂಗಳದಗುಬ್ಬಿ:
ಅಳಿಲಲ್ಲ ರೀ, ಹಕ್ಕಿನೇ. ನನಗೆ ಅಷ್ಟೂ ಗೊತ್ತಾಗಲ್ವಾ?

ಬಯಲಸೀಮಿ:
ನಾ ಹತ್ತು ವರ್ಷ ತಪ್ಪ ತಿಳ್ಕೊಂಡಿದ್ದೆ ನೋಡ್ರಿ, ಅದಕ್ಕ ಯಾರಿಗೂ ನಗೂದಿಲ್ಲ. ಕುಹೂ ಕುಹೂ ಅಂತ ದನಿ ಏರಿಸ್ಕೋತ ಹೋಗೂದು ಕೋಗಿಲಿ, ಅದು ಗೊತ್ತಿತ್ತು. ಅದರ ಬೆನ್ನಹಿಂದ "ಕಿಕ್-ಕಿಕ್-ಕಿಕ್-ಕಿಕ್" ಅಂತ ಯಾರೋ ಬೈದಂಗ ಕೇಳ್ತಿತ್ತು. ಅದು ಬ್ಯಾರೆ ಹಕ್ಕಿ ಅಂತ ನನ್ನ ಲೆಕ್ಕ. ಹೆಸರೂ ಇಟ್ಟಿದ್ದೆ, ಜಗಳಗಂಟಿ ಅಂತ! ಒಂದಿನ ಕಣ್ಣೆದುರಿಗೇ ಕೊಂಬಿ ಮ್ಯಾಲ ಕುಂತು ಕೂಗ್ತು. ಕಂದು ಮೈ, ಮೈತುಂಬ ಬಿಳಿ ಚುಕ್ಕಿ, ಕಣ್ಣು ಕೆಂಪಗ. ಹೆಣ್ಣು ಕೋಗಿಲಿ ಅದು! ಕುಹೂ ಅನ್ನೂದು ಗಂಡು, ಕರ್ರಗಿರ್ತದ. ಗಂಡ ಹೆಂಡ್ತಿನ್ನ ಹತ್ತು ವರ್ಷ ಎರಡ ಜಾತಿ ಮಾಡಿ ಇಟ್ಟಿದ್ದೆ.

ಸುಮ್ನೆಓದುವವ:
ಜಗಳಗಂಟಿ 😂 ಅದೇ ಹೆಸರು ಇರಲಿ.

ಕಿವಿಮಾತು:
ಕೋಗಿಲೆ ವಿಷಯ ಬಂದಿದ್ದಕ್ಕೆ ಒಂದು ಮಾತು. ಕೋಗಿಲೆ ಮರಿ ಬೆಳೆಯೋದು ಕಾಗೆ ಗೂಡಲ್ಲಿ, ಕಿವಿ ತುಂಬ ಕಾ ಕಾ. ಆದರೂ ದೊಡ್ಡದಾದ ಮೇಲೆ ಕುಹೂ ಅನ್ನುತ್ತೆ. ಅಂದರೆ ಆ ಕೂಗು ಹುಟ್ಟಿನಿಂದ ಬಂದದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಹಳೇದುರ್ಬೀನು ಸರ್ ಕೊಟ್ಟ ಐದೂ ಈ ಗುಂಪಿನವೇ, ಅದಕ್ಕೇ ಕಲಿಯೋದು ಸುಲಭ.

ಹಾಡನ್ನು ಕೇಳಿ ಕಲಿಯೋ ಹಕ್ಕಿಗಳು ಮುಖ್ಯವಾಗಿ ಮೂರೇ ಗುಂಪು: ಹಾಡುಹಕ್ಕಿಗಳು, ಗಿಳಿಗಳು, ಹಮ್ಮಿಂಗ್‌ಬರ್ಡ್‌ಗಳು. 1950ರ ದಶಕದಲ್ಲಿ ಕೇಂಬ್ರಿಜ್‌ನ ಡಬ್ಲ್ಯು. ಎಚ್. ಥೋರ್ಪ್ ಚಾಫಿಂಚ್ ಅನ್ನೋ ಹಾಡುಹಕ್ಕಿಯ ಮರಿಗಳನ್ನು ಬೇರೆ ಹಾಡು ಕೇಳದ ಹಾಗೆ ಬೆಳೆಸಿ ನೋಡಿದರು. ಅವು ಹಾಡಿದವು, ಆದರೆ ಬೋಳು ಹಾಡು, ಕೊನೆಯ ಅಲಂಕಾರವೇ ಇಲ್ಲ. ಅವರ ಶಿಷ್ಯ ಪೀಟರ್ ಮಾರ್ಲರ್ ಕ್ಯಾಲಿಫೋರ್ನಿಯಾದ ಬಿಳಿಪಟ್ಟೆ ತಲೆಯ ಗುಬ್ಬಚ್ಚಿಗಳಲ್ಲಿ ಊರೂರಿಗೂ ಬೇರೆ ಧಾಟಿ ಇರೋದನ್ನು ತೋರಿಸಿದರು. ಹಾಗಾಗಿ "ನಮ್ಮ ಮಡಿವಾಳ ಪುಸ್ತಕದಲ್ಲಿರೋ ಹಾಗೆ ಹಾಡ್ತಿಲ್ಲ" ಅಂತ ಕಂಗಾಲಾಗಬೇಡಿ, ಅದು ಪುಸ್ತಕ ಓದಿಲ್ಲ.

ಕಡಲತಡಿ:
ಪುಸ್ತಕದ ಮಾತು ಎತ್ತಿದ್ರಲ್ಲ ಮಾರಾಯ್ರೆ. ಟಿಟ್ಟಿಭ "ಡಿಡ್ ಹಿ ಡು ಇಟ್" ಅನ್ನುತ್ತದೆ ಅಂತ ಎಲ್ಲ ಕಡೆ ಬರೆದಿರ್ತಾರೆ. ನನಗೆ ಒಂದು ದಿನವೂ ಹಾಗೆ ಕೇಳಿದ್ದಿಲ್ಲ. "ಟಿಟ್ಟಿ-ಟಿಟ್ಟೀ" ಅಂತ ಸರಿಯಾಗಿ ಕನ್ನಡದಲ್ಲೇ ಕೂಗ್ತದೆ.

ಬಯಲಸೀಮಿ:
ಹೌದ್ರಿ! ಚಾಣಕೋಗಿಲಿದೂ ಹಂಗ. ಇಂಗ್ಲಿಷಿನವರಿಗೆ "ಬ್ರೇನ್ ಫೀವರ್", ಹಿಂದಿಯವರಿಗೆ "ಪೀ ಕಹಾಂ", ಮರಾಠಿಯವರಿಗೆ "ಪೇರ್ತೆ ವ್ಹಾ", ಅಂದ್ರ ಬಿತ್ರಿ ಅಂತ. ಹಕ್ಕಿ ಒಂದ, ಕೂಗೂ ಒಂದ. ಒಬ್ಬರಿಗೆ ಜ್ವರ, ಒಬ್ಬರಿಗೆ ವಿರಹ, ಒಬ್ಬರಿಗೆ ಬಿತ್ತಿಗಿ!

ಟುವ್ವಿ_ಟುವ್ವಿ:
ಉತ್ತರ ಅಮೆರಿಕದ ಬಿಳಿಗಂಟಲ ಗುಬ್ಬಚ್ಚಿಗೂ ಇದೇ ಗತಿ. ಅಮೆರಿಕದವರಿಗೆ ಅದು "ಓಲ್ಡ್ ಸ್ಯಾಮ್ ಪೀಬಡಿ" ಅಂತ ಕೇಳುತ್ತೆ, ಕೆನಡಾದವರಿಗೆ "ಓ ಸ್ವೀಟ್ ಕೆನಡಾ". ತಮಾಷೆ ಏನಂದ್ರೆ ಹಾಡಿನ ಬಾಲ ಈಗ ಬದಲಾಗಿಬಿಟ್ಟಿದೆ. ಮೂರು ಮೂರಾಗಿ ಬರುತ್ತಿದ್ದ ಸ್ವರ ಎರಡೆರಡಾಗಿ, ಆ ಹೊಸ ಧಾಟಿ ಕೆನಡಾದ ಪಶ್ಚಿಮದಿಂದ ಪೂರ್ವಕ್ಕೆ ಹರಡಿದೆ ಅಂತ 2020ರಲ್ಲಿ ಸಂಶೋಧನೆ ಬಂತು. ಜ್ಞಾಪಕಕ್ಕೆ ಅಂತ ಕಟ್ಟಿದ ಸಾಲೂ ಹಳತಾಗುತ್ತೆ ಅಂತಾಯ್ತು.

ಹಳೇದುರ್ಬೀನು:
ಬೇರೆಯವರ ಸಾಲು ಬಾಯಿಪಾಠ ಮಾಡುವುದೇ ತಪ್ಪು. ನೀವೇ ಕಟ್ಟಿಕೊಳ್ಳಿ, ಎಷ್ಟು ಪೋಲಿಯಾಗಿದ್ದರೆ ಅಷ್ಟು ನೆನಪಿರುತ್ತದೆ. ಕನ್ನಡದ ಹೆಸರುಗಳಲ್ಲೇ ಅರ್ಧ ಪಾಠ ಇದೆಯಲ್ಲ. ಕುಟ್ರು, ಟುವ್ವಿ, ಟಿಟ್ಟಿಭ, ಸಿಳ್ಳಾರ, ಕಂಚುಕುಟಿಗ, ಎಲ್ಲ ಕಿವಿಯಿಂದ ಹುಟ್ಟಿದ ಹೆಸರುಗಳು. ಹರಟೆಮಲ್ಲ ಅಂದಮೇಲೆ ಏಳೆಂಟು ಸೇರಿ ಹರಟುತ್ತವೆ ಅಂತ ಬೇರೆ ಹೇಳಬೇಕೆ?

ಸುಮ್ನೆಓದುವವ:
ಹರಟೆಮಲ್ಲರು ಈ ಚರ್ಚೆಯಲ್ಲೂ ಏಳೆಂಟು ಜನ ಇದ್ದೀವಿ.

ಕೊಂಬೆಕೋತಿ:
ಇಷ್ಟೆಲ್ಲಾ ಯಾಕೆ? ಬ್ಲೂಟೂತ್ ಸ್ಪೀಕರ್ ತಗೊಂಡು ಮರದ ಕೆಳಗೆ ಶಿಕ್ರಾ ಕೂಗು ಹಾಕಿ. ಇದ್ದರೆ ತಾನಾಗೇ ಹೊರಗೆ ಬರುತ್ತೆ. ಎರಡು ನಿಮಿಷದ ಕೆಲಸ.

ಕಡಲತಡಿ:
ಅದೊಂದು ಮಾಡಬೇಡಿ ಮಾರಾಯ್ರೆ. ಗಂಡು ಹಕ್ಕಿ ಹಾಡುವುದು ಹೆಚ್ಚಾಗಿ "ಇದು ನನ್ನ ಜಾಗ" ಅಂತ ಹೇಳಲಿಕ್ಕೆ. ನೀವು ಸ್ಪೀಕರ್ ಹಾಕಿದರೆ ಅದಕ್ಕೆ ಇನ್ನೊಬ್ಬ ಗಂಡು ಮನೆಗೆ ನುಗ್ಗಿದ ಹಾಗೆ. ಗೂಡು, ಮೇವು ಎಲ್ಲ ಬಿಟ್ಟು ನಿಮ್ಮ ಡಬ್ಬಿಯ ಜೊತೆ ಜಗಳಕ್ಕೆ ಬರ್ತದೆ. ನಾನೇ ಒಮ್ಮೆ ಮಡಿವಾಳಕ್ಕೆ ಹಾಕಿದ್ದೆ, ಸುಳ್ಳು ಯಾಕೆ ಹೇಳಬೇಕು. ಸ್ಪೀಕರ್ ಬಂದ್ ಮಾಡಿದ ಮೇಲೂ ತುಂಬಾ ಹೊತ್ತು ಅದು ಬಾಲ ನಿಗುರಿಸಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರಿ ಹುಡುಕ್ತಾ ಇತ್ತು, ಇಲ್ಲದ ಶತ್ರುವನ್ನು. ಫೋಟೊ ಚೆಂದ ಬಂತು. ಮನಸ್ಸಿಗೆ ಚೆಂದ ಆಗಲಿಲ್ಲ.

ಕೊಂಬೆಕೋತಿ:
ಎರಡು ನಿಮಿಷಕ್ಕೆ ಹಕ್ಕಿ ಸಾಯಲ್ಲ ಬಿಡಿ. ಎಲ್ಲದಕ್ಕೂ ಉಪದೇಶ.

ಕಿವಿಮಾತು:
ಸಾಯಲ್ಲ, ನಿಜ. ಆದರೆ ನಿಮ್ಮ ಹಿಂದೆ ಇನ್ನೂ ಹತ್ತು ಜನ ಅದೇ ಮರಕ್ಕೆ ಎರಡೆರಡು ನಿಮಿಷ ಹಾಕಿದರೆ? ಗೂಡು ಕಟ್ಟೋ ಕಾಲದಲ್ಲಿ ಬೇಡವೇ ಬೇಡ. ಅದೂ ಅಲ್ಲದೆ ಗಿಡುಗದ ಕೂಗು ಹಾಕಿದರೆ ಸುತ್ತಲಿನ ಚಿಕ್ಕ ಹಕ್ಕಿಗಳೆಲ್ಲ ಬಾಯಿ ಮುಚ್ಚಿ ಅಡಗುತ್ತವೆ. ಹುಡುಕೋಕೆ ಹೊರಟಿದ್ದೇ ಮಾಯ ಆಗುತ್ತೆ.

ಬೆಳಗಿನಜಾವ ಅವರೇ, ಸ್ಪೀಕರ್ ಬೇಡ, ಆ ರೆಕಾರ್ಡಿಂಗನ್ನೇ ಇನ್ನೊಮ್ಮೆ ಕೇಳಿ. ಮೂರು ವಿಷಯ ಗಮನಿಸಿ. ನಾಲ್ಕು ಕೂಗಲ್ಲಿ ಯಾವುದಾದರೂ ಎರಡು ಒಂದರ ಮೇಲೊಂದು ಬೀಳುತ್ತವಾ? ಎಲ್ಲದರ ದನಿ ಒಂದೇ ದೂರದಿಂದ ಬಂದ ಹಾಗಿದೆಯಾ? ಒಂದು ಕೂಗಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬಿಡುವು ಇದೆಯಾ, ಇಲ್ಲ ಓಡಿಕೊಂಡೇ ಹೋಗುತ್ತಾ?

ಹಳೇದುರ್ಬೀನು:
ಈ ಹುಡುಗನೋ ಹುಡುಗಿಯೋ ಸರಿಯಾದ ಪ್ರಶ್ನೆ ಕೇಳಿದ್ದಾರೆ.

ಬೆಳಗಿನಜಾವ:
ಈಗ ಹೆಡ್‌ಫೋನ್ ಹಾಕಿಕೊಂಡು ಐದು ಸಲ ಕೇಳಿದೆ. ಒಂದರ ಮೇಲೊಂದು ಒಂದು ಸಲವೂ ಬಿದ್ದಿಲ್ಲ! ಶಿಕ್ರಾ ಮುಗಿದ ಕೂಡಲೇ ಕಾಜಾಣದ ಕರಕರ, ಅದು ಮುಗಿದ ಕೂಡಲೇ ಪಿಕಳಾರ. ಸರದಿ ಸಾಲಲ್ಲಿ ನಿಂತ ಹಾಗೆ. ದನಿಯ ಜೋರೂ ಒಂದೇ. ಶಿಕ್ರಾ ಕೂಗು ಮಾತ್ರ ಸ್ವಲ್ಪ ಸಣ್ಣ ಗಂಟಲಲ್ಲಿ ಕೂಗಿದ ಹಾಗಿದೆ.

ಕೊಂಬೆಕೋತಿ:
ಅಂದರೆ ಒಂದೇ ಹಕ್ಕಿ. ಕಾಜಾಣ. ಅದು ಶಿಕ್ರಾ ಕೂಗನ್ನು ಅಣಕಿಸೋದು ಎಲ್ಲರಿಗೂ ಗೊತ್ತು.

ಸುಮ್ನೆಓದುವವ:
ಒಂದು ನಿಮಿಷ. ಹಕ್ಕಿ ಏಕಕಾಲಕ್ಕೆ ಎರಡು ಸ್ವರ ಹಾಡುತ್ತೆ ಅಂತ ಎಲ್ಲೋ ಓದಿದ್ದೆ. ಹಾಗಿದ್ದ ಮೇಲೆ ಒಂದರ ಮೇಲೊಂದು ಬಿದ್ದರೂ ಒಂದೇ ಹಕ್ಕಿ ಇರಬಹುದಲ್ವಾ? ನಿಮ್ಮ ಪರೀಕ್ಷೆ ನಿಲ್ಲಲ್ಲ.

ಕಿವಿಮಾತು:
ಸುಮ್ನೆ ಓದೋರು ಸುಮ್ನೆ ಓದಿಲ್ಲ, ಒಳ್ಳೇ ಪ್ರಶ್ನೆ. ನಮಗೆ ದನಿಪೆಟ್ಟಿಗೆ ಗಂಟಲ ಮೇಲ್ಭಾಗದಲ್ಲಿದೆ. ಹಕ್ಕಿಗಳಿಗೆ ಸಿರಿಂಕ್ಸ್ ಅಂತ ಬೇರೆಯದೇ ಅಂಗ, ಶ್ವಾಸನಾಳ ಎರಡಾಗಿ ಕವಲೊಡೆಯೋ ಜಾಗದಲ್ಲಿ. ಹಾಡುಹಕ್ಕಿಗಳು ಎಡಬಲ ಎರಡನ್ನೂ ಬೇರೆ ಬೇರೆಯಾಗಿ ಆಡಿಸಬಲ್ಲವು, ಎರಡು ಸ್ವರ ಒಟ್ಟಿಗೆ ಬರೋದೂ ನಿಜ. ಆದರೆ ಅದು ಒಂದು ಹಾಡಿನೊಳಗಿನ ಎರಡು ಎಳೆ. ಎರಡು ಜಾತಿಯ ಪೂರ್ತಿ ಹಾಡನ್ನು ಒಂದೇ ಗಂಟಲು ಒಟ್ಟೊಟ್ಟಿಗೆ ಹಾಡಲ್ಲ. ಪರೀಕ್ಷೆ ನಿಲ್ಲುತ್ತೆ.

ಕೊಂಬೆಕೋತಿ ಅವರೇ, ಕಾಜಾಣ ಅನ್ನೋದು ಒಳ್ಳೆಯ ಊಹೆ. ಆ ಕುಲಕ್ಕೆ ಅಣಕು ನೀರು ಕುಡಿದಷ್ಟು ಸುಲಭ. ಆಫ್ರಿಕಾದ ಕಲಹರಿಯಲ್ಲಿ ಅದರ ನೆಂಟ ಒಂದು ಕಾಜಾಣ, ಮುಂಗುಸಿ ಕುಲದ ಮೀರ್‌ಕ್ಯಾಟ್‌ಗಳ ಅಪಾಯದ ಕೂಗನ್ನೇ ಸುಳ್ಳುಸುಳ್ಳೇ ಹಾಕಿ, ಅವು ಓಡಿದಾಗ ಬಿಟ್ಟ ಹುಳು ಎತ್ತಿಕೊಂಡು ಹೋಗುತ್ತೆ. ಆದರೆ ಕಾಜಾಣ ಹೀಗೆ ಮೂರು ವಾರ ಎಲೆಯೊಳಗೆ ಅಡಗಿರುತ್ತಾ? ಬೋಳು ಕೊಂಬೆ, ತಂತಿ, ದನದ ಬೆನ್ನು ಅಂತ ಎಲ್ಲರಿಗೂ ಕಾಣೋ ಜಾಗದಲ್ಲೇ ಅದಕ್ಕೆ ಗತ್ತು.

ಹಳೇದುರ್ಬೀನು:
ಎಲೆಹಕ್ಕಿ. ಬಹುಶಃ ಚಿನ್ನದ ಹಣೆಯದು. ಮೈ ಎಲೆಯದೇ ಬಣ್ಣ, ಅದಕ್ಕೇ ಕಾಣುತ್ತಿಲ್ಲ. ಶಿಕ್ರಾ, ಕಾಜಾಣ, ಪಿಕಳಾರ, ಟುವ್ವಿ, ಎಲ್ಲವೂ ಅದರ ಜೋಳಿಗೆಯಲ್ಲಿವೆ. ಮರದಲ್ಲಿ ಬದನಿಕೆ (ಬೇರೆ ಮರದ ಕೊಂಬೆಯ ಮೇಲೆ ಬೆಳೆಯುವ ಗಿಡ) ಹಬ್ಬಿದೆಯಾ ನೋಡಿ. ಬದನಿಕೆ ಹೂವಿನ ಮಕರಂದಕ್ಕೆ ದಿನಾ ಅದೇ ಹೊತ್ತಿಗೆ ಬರುತ್ತದೆ. ಮರವನ್ನೆಲ್ಲ ಜಾಲಾಡಬೇಡಿ, ಹೂವಿನ ಗೊಂಚಲು ಒಂದನ್ನೇ ನೋಡುತ್ತಾ ಕೂತಿರಿ.

ಕೊಂಬೆಕೋತಿ:
ಕಾಜಾಣನೇ. ಬರೆದಿಟ್ಟುಕೊಳ್ಳಿ.

ಟುವ್ವಿ_ಟುವ್ವಿ:
ನೋಡೋಕೆ ಹೋದಾಗ ರೆಕಾರ್ಡಿಂಗ್ ಕೂಡ ಇನ್ನೊಂದು ಮಾಡಿ. ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ, ಬೆರಳಿನ ಉಜ್ಜಾಟವೇ ಹಕ್ಕಿಗಿಂತ ಜೋರಾಗಿ ಬರುತ್ತೆ. ಗೋಡೆ ಮೇಲೆ ಇಟ್ಟು ಸುಮ್ಮನಿರಿ. ಎಂಪಿ3 ಬೇಡ, ವೇವ್ ಫೈಲ್ ಆಗಿ ಉಳಿಸಿ, ಇಲ್ಲಾಂದ್ರೆ ಸಣ್ಣ ಸಣ್ಣ ಎಳೆ ಕಳೆದುಹೋಗುತ್ತೆ. ಕೊನೆಯಲ್ಲಿ ದಿನಾಂಕ, ಹೊತ್ತು, ಹಕ್ಕಿ ಏನು ಮಾಡ್ತಿತ್ತು ಅಂತ ನಿಮ್ಮ ಬಾಯಲ್ಲೇ ಹೇಳಿಬಿಡಿ. ಆಮೇಲೆ ಕ್ಸೆನೊ-ಕ್ಯಾಂಟೊ ಅನ್ನೋ ಜಾಲತಾಣದಲ್ಲಿ ಹೋಲಿಸಿ ನೋಡಿ. 2005ರಿಂದ ಜಗತ್ತಿನ ಜನ ತಾವು ಹಿಡಿದ ಕೂಗುಗಳನ್ನು ಅಲ್ಲಿ ಸುರಿಯುತ್ತಾ ಬಂದಿದ್ದಾರೆ. ಒಂದೇ ಹಕ್ಕಿಯ ಹತ್ತು ರೆಕಾರ್ಡಿಂಗ್ ಕೇಳಿದರೆ, ಅದರ ಹಾಡಲ್ಲಿ ಬದಲಾಗೋದು ಯಾವುದು, ಬದಲಾಗದೇ ಇರೋದು ಯಾವುದು ಅಂತ ತಾನಾಗೇ ಹೊಳೆಯುತ್ತೆ. ಗುರುತು ಹಿಡಿಯೋದು ಆ ಬದಲಾಗದ ಭಾಗದಿಂದ.

ಬಯಲಸೀಮಿ:
ದುರ್ಬೀನು ಸರ, ನಿಮಗ ಆ್ಯಪ್ ಮ್ಯಾಲ ಯಾಕ್ರಿ ಇಷ್ಟು ಸಿಟ್ಟು?

ಹಳೇದುರ್ಬೀನು:
ಸಿಟ್ಟಿಲ್ಲ. ಹೊಟ್ಟೆಕಿಚ್ಚು ಇರಬಹುದು. ಚಳಿಗಾಲಕ್ಕೆ ಬರುವ ಹಸಿರು ಉಲಿಯಕ್ಕಿಗಳಲ್ಲಿ ಎರಡು ಜಾತಿಗಳಿವೆ, ದುರ್ಬೀನಿನಲ್ಲಿ ಅವಳಿ ಮಕ್ಕಳ ಹಾಗೆ. ಒಂದು "ಚಿ-ವೀ" ಅಂತ ಎರಡು ಉಸಿರಿಗೆ ಮುಗಿಸುತ್ತದೆ, ಇನ್ನೊಂದು "ಚಿ-ರು-ವೀ" ಅಂತ ಮೂರು. ಅದನ್ನು ಬೇರ್ಪಡಿಸಲು ನನಗೆ ನಾಲ್ಕು ಚಳಿಗಾಲ ಬೇಕಾಯಿತು. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಇಂಥದೇ ಮೂರು ಪುಟ್ಟ ಹಕ್ಕಿಗಳನ್ನು ಹಾಡು ಕೇಳಿಯೇ ಮೂರು ಜಾತಿ ಅಂತ ಹೇಳಿದ್ದರು. ಆಗ ಈಗಿನಂಥ ದುರ್ಬೀನೂ ಇಲ್ಲ, ರೆಕಾರ್ಡರೂ ಇಲ್ಲ. ಈಗ ಎರಡು ಸೆಕೆಂಡಿನಲ್ಲಿ ಹೆಸರು ತೆರೆಯ ಮೇಲೆ ಬಂದರೆ ಕಿವಿಗೆ ಕೆಲಸ ಎಲ್ಲಿ?

ಇನ್ನೊಂದು ಕಾರಣವೂ ಇದೆ, ಹೇಳಲು ನಾಚಿಕೆ. ವಯಸ್ಸು ಅರವತ್ತಮೂರು. ಮೇಲಿನ ಸ್ವರಗಳು ಒಂದೊಂದೇ ಹೋಗುತ್ತಿವೆ. ಹೋದ ವರ್ಷ ಮೊಮ್ಮಗಳು "ತಾತ, ಮೇಲೆ ಟಿಕ್ ಟಿಕ್ ಅಂತಿದೆಯಲ್ಲ" ಅಂದಳು. ನನಗೆ ಮೌನ. ಅವಳು ಬೆರಳು ಮಾಡಿದ ಕಡೆ ಬದನಿಕೆ ಹಕ್ಕಿ, ಹೆಬ್ಬೆರಳಷ್ಟು. ಕೊಕ್ಕು ತೆರೆಯುವುದು ಕಾಣುತ್ತಿತ್ತು, ಸದ್ದು ಇಲ್ಲ.

ಟುವ್ವಿ_ಟುವ್ವಿ:
ಸರ್, ಇದು ವಾದಕ್ಕೆ ಅಲ್ಲ. ಆ್ಯಪ್‌ನ ಆ ಚಿತ್ರದ ಪಟ್ಟಿ ಇದೆಯಲ್ಲ, ಅದನ್ನು ತೆರೆದು ಸುಮ್ಮನೆ ಜೇಬಿನ ಮೇಲೆ ಇಟ್ಟುಕೊಳ್ಳಿ. ಹೆಸರು ಬರುವ ಭಾಗ ನೋಡಬೇಡಿ. ಮೇಲ್ಗಡೆ ಸಣ್ಣ ಗೀಚು ಓಡಿದರೆ ಎತ್ತರದ ಸ್ವರದಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ. ಹೆಸರು ನೀವೇ ಹುಡುಕಿ.

ಹಳೇದುರ್ಬೀನು:
ಇದು ಯೋಚಿಸುವ ಮಾತು.

ಕಡಲತಡಿ:
ನನ್ನದು ಬೇರೆ ಕಷ್ಟ. ಎಡಗಿವಿ ಸಣ್ಣಂದಿನಿಂದ ಕೇಳುವುದಿಲ್ಲ. ಹೆಸರು ಹೇಳ್ತೇನೆ, ಯಾವ ದಿಕ್ಕು ಅಂತ ಮಾತ್ರ ಗೊತ್ತೇ ಆಗುವುದಿಲ್ಲ. ಕಂಚುಕುಟಿಗ ಆದ್ರೆ ಮುಗೀತು ಕಥೆ, ಅದು ತಲೆ ತಿರುಗಿಸ್ತಾ ಕೂಗ್ತದೆ, ಎರಡು ಕಿವಿ ಇದ್ದವರನ್ನೇ ಏಮಾರಿಸ್ತದೆ.

ಕಿವಿಮಾತು:
ಕೆಲವು ಕೂಗು ದಿಕ್ಕು ತಿಳಿಯಬಾರದು ಅಂತಲೇ ಇರೋದು. ಆಕಾಶದಲ್ಲಿ ಗಿಡುಗ ಕಂಡಾಗ ಚಿಕ್ಕ ಹಕ್ಕಿಗಳು ಹಾಕೋ "ಸೀ...ತ್" ಅನ್ನೋ ತೆಳು ಕೂಗು ಎಲ್ಲಿಂದ ಬಂತು ಅಂತ ಹೇಳೋದು ಕಷ್ಟ. ಗೂಬೆ ಕೂತಿದ್ದು ಕಂಡಾಗ ಎಲ್ಲ ಸೇರಿ ಹಾಕೋ ಚಟಚಟ ಗಲಾಟೆ ಮಾತ್ರ ಎಲ್ಲಿಂದ ಅಂತ ತಕ್ಷಣ ಗೊತ್ತಾಗುತ್ತೆ, ನೆರವಿಗೆ ಬನ್ನಿ ಅಂತ ಕರೆಯೋದಲ್ವಾ! ನಿಮ್ಮ ಕಿವಿಯದೊಂದೇ ತಪ್ಪಲ್ಲ.

ಬೆಳಗಿನಜಾವ:
ನಾಲ್ಕು ದಿನ ಆದ ಮೇಲೆ ಬರ್ತಿದ್ದೀನಿ. ಬದನಿಕೆ ಇದೆ! ಮೂರು ವಾರ ಅದನ್ನು ಮರದ್ದೇ ಕೊಂಬೆ ಅಂದುಕೊಂಡಿದ್ದೆ. ಕುರ್ಚಿ ಹಾಕಿಕೊಂಡು ಒಂದೇ ಗೊಂಚಲು ನೋಡ್ತಾ ಕೂತೆ. ಮೊದಲ ಎರಡು ದಿನ ಕುತ್ತಿಗೆ ನೋವು ಬಿಟ್ಟು ಏನೂ ಸಿಗಲಿಲ್ಲ. ಮೂರನೇ ದಿನ ಮಳೆ.

ಇವತ್ತು ಆರು ಮೂವತ್ತೈದಕ್ಕೆ ಒಂದು "ಎಲೆ" ಜಾಗ ಬದಲಾಯಿಸಿತು. ಅಷ್ಟೇ ಗೊತ್ತಾಗಿದ್ದು. ದುರ್ಬೀನು ಎತ್ತಿದರೆ ಹಸಿರು ಮೈ, ಗದ್ದ ಕಪ್ಪು, ಹಣೆ ಮೇಲೆ ಕಿತ್ತಳೆ ಬಣ್ಣ ಸವರಿದ ಹಾಗೆ. ತಲೆಕೆಳಗಾಗಿ ಜೋತು ಹೂವಿಗೆ ಕೊಕ್ಕು ಹಾಕಿ, ನೆಟ್ಟಗೆ ಕೂತು, ಗಂಟಲ ಗರಿ ಉಬ್ಬಿಸಿ "ಪೀ-ವೀ" ಅಂತು. ನನ್ನ ಕಣ್ಣೆದುರೇ! ಪಕ್ಕದ ಕೊಂಬೆಯಲ್ಲಿದ್ದ ಸೂರಕ್ಕಿ (ಇದೂ ಮಕರಂದ ಕುಡಿಯೋ ಪುಟ್ಟ ಹಕ್ಕಿ) ಸರಕ್ಕನೆ ಹಾರಿಹೋಯ್ತು. ಇದು ಅದರ ಕಡೆ ನೋಡಲೂ ಇಲ್ಲ, ಮತ್ತೆ ಹೂವಿಗೆ ಬಾಯಿ ಹಾಕಿತು. ಆಮೇಲೆ ಪಿಕಳಾರ. ಆಮೇಲೆ ಟುವ್ವಿ. ಪೂರ್ತಿ ಕಚೇರಿ.

ದುರ್ಬೀನು ಸರ್, ನೀವು ಮರ ನೋಡದೆ ಹೇಳಿದ್ರಲ್ಲ, ದೊಡ್ಡ ನಮಸ್ಕಾರ.

ಸುಮ್ನೆಓದುವವ:
ಸೂರಕ್ಕಿಯನ್ನು ಓಡಿಸೋಕೇ ಶಿಕ್ರಾ ಕೂಗು ಹಾಕಿತಾ ಹಾಗಾದರೆ?

ಕಿವಿಮಾತು:
ಒಂದು ಸಲ ನೋಡಿದ್ದರಿಂದ ಹಾಗನ್ನೋಕೆ ಆಗಲ್ಲ. ಸೂರಕ್ಕಿ ಸುಮ್ಮನೆಯೂ ಸರಕ್ಕನೆ ಹಾರುತ್ತೆ. ಬೆಳಗಿನಜಾವ ಅವರು ಇನ್ನೊಂದು ತಿಂಗಳು ಕುರ್ಚಿ ತೆಗೆಯದಿದ್ದರೆ, ಪ್ರತಿ ಕೂಗಿಗೂ ಪಕ್ಕದಲ್ಲಿ ಯಾರಿದ್ದರು, ಏನು ಮಾಡಿದರು ಅಂತ ಬರೆದಿಡಬಹುದು.

ಬೆಳಗಿನಜಾವ:
ನೋಟ್‌ಬುಕ್ ಆಗಲೇ ಇಟ್ಟುಕೊಂಡೆ.

ಕೊಂಬೆಕೋತಿ:
ಸರಿ, ಎಲೆಹಕ್ಕಿ. ಆದರೆ ಕಾಜಾಣನೂ ಹಾಗೇ ಕೂಗುತ್ತೆ ಅಂದಿದ್ದು ತಪ್ಪಲ್ಲವಲ್ಲ.

ಬಯಲಸೀಮಿ:
ತಪ್ಪಲ್ಲ ಬಿಡ್ರಿ. ಬರೆದಿಟ್ಟುಕೊಂಡಿದ್ದು ಮಾತ್ರ ಅಳಿಸೀವಿ.

ಅಂಗಳದಗುಬ್ಬಿ:
ಯಾರೂ ನಗಬೇಡಿ. ನಾನೂ ಕುರ್ಚಿ ಹಾಕಿಕೊಂಡು ಕೂತೆ. ಗೋಡೆ ಮೇಲೆ ಬೆಕ್ಕು, ಅದರ ನೇರ ಮೇಲೆ ಕೊಂಬೆಯಲ್ಲಿ "ಚಿಪ್ ಚಿಪ್ ಚಿಪ್". ಒಂದೊಂದು ಚಿಪ್‌ಗೂ ಬಾಲ ಒಂದೊಂದು ಸಲ ಮೇಲಕ್ಕೆ ಹೋಗ್ತಿತ್ತು. ಬೆನ್ನ ಮೇಲೆ ಮೂರು ಪಟ್ಟೆ.

ಟುವ್ವಿ_ಟುವ್ವಿ:
ನಕ್ಕಿಲ್ಲ. ಪಟ್ಟಿಗೆ ಸೇರಿಸಿಕೊಳ್ಳಿ.